ಮೆಟಲ್ ಹಾಲೈಡ್ ಲೈಟ್ ಕಾದು ಬಿಸಿಯಾಗುವಾಗ ಬದಲಾಗುವ ಬಣ್ಣ ನೋಡುವುದು ಹೇಗೆ, ಅದರಿಂದ ಏನು ತಿಳಿಯುತ್ತದೆ

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮ ಕಡೆ ಮೈದಾನಕ್ಕೆ, ಜಾತ್ರೆಗೆ, ಬಸ್ ಸ್ಟ್ಯಾಂಡಿನ ಎತ್ತರದ ಕಂಬಕ್ಕೆ ಹಾಕುವ ಜೋರು ಬಿಳಿ ಲೈಟಿಗೆಲ್ಲ ಹ್ಯಾಲೋಜನ್ ಅನ್ನುವುದೇ ರೂಢಿ. ಶಾಮಿಯಾನದವರ ಹತ್ತಿರ "ನಾಲ್ಕು ಹ್ಯಾಲೋಜನ್ ಕಳಿಸಿ" ಅಂದರೆ ಅವರಿಗೂ ಅರ್ಥವಾಗುತ್ತದೆ. ಆದರೆ ನಿಜವಾದ ಹ್ಯಾಲೋಜನ್ ಬಲ್ಬಿನ ಒಳಗೆ ತಂತಿ ಇರುತ್ತದೆ, ಸ್ವಿಚ್ ಹಾಕಿದ ತಕ್ಷಣ ಪೂರ್ತಿ ಬೆಳಕು ಬರುತ್ತದೆ. ಎಲ್‌ಇಡಿಯೂ ಹಾಗೆಯೇ. ಸ್ವಿಚ್ ಹಾಕಿದ ಮೇಲೆ ಮಂಕಾಗಿ ಮಿಣುಕಿ, ನೇರಳೆಯೋ ನೀಲಿಯೋ ಆಗಿ, ಆಮೇಲೆ ಹಸಿರಿಗೆ ತಿರುಗಿ, ನಾಲ್ಕೈದು ನಿಮಿಷ ಬಿಟ್ಟು ಬೆಳ್ಳಗೆ ನಿಲ್ಲುವ ಲೈಟ್ ಇದೆಯಲ್ಲ, ಅದು ಮೆಟಲ್ ಹಾಲೈಡ್. ಇದು ಆ ಲೈಟಿನ ವಿಷಯ.

ಆ ನಾಲ್ಕೈದು ನಿಮಿಷ ಎಲ್ಲರೂ "ಇನ್ನೂ ಸರಿಯಾಗಿ ಬಂದಿಲ್ಲ" ಅಂತ ಬೇರೆ ಕಡೆ ನೋಡುತ್ತಿರುತ್ತಾರೆ. ನನಗೆ ಅದೇ ನೋಡಬೇಕಾದ ಹೊತ್ತು. ಮೊದಲ ನೇರಳೆ ಬಿಟ್ಟರೆ ಅಲ್ಲಿ ಬರುವ ಒಂದೊಂದು ಬಣ್ಣವೂ ಒಂದೊಂದು ಲೋಹದ್ದು, ಅವು ಬರುವುದಕ್ಕೆ ಒಂದು ಸರದಿ ಇದೆ. ಆ ಸರದಿ ಗೊತ್ತಿದ್ದರೆ ಕಂಬ ಹತ್ತದೆ, ಬಲ್ಬ್ ಮುಟ್ಟದೆ, ಒಳಗೆ ಏನು ತುಂಬಿದ್ದಾರೆ, ಬಲ್ಬಿಗೆ ವಯಸ್ಸಾಗಿದೆಯಾ, ವೋಲ್ಟೇಜ್ ಸಾಲುತ್ತಿದೆಯಾ ಅಂತ ಕೆಳಗೆ ನಿಂತೇ ಅಂದಾಜು ಮಾಡಬಹುದು. ನೋಡಬೇಕು ಅನ್ನಿಸಿದರೆ ಬೇಗ ನೋಡಿ. 2015ರಲ್ಲಿ ಬೀದಿ ದೀಪಗಳನ್ನು ಎಲ್‌ಇಡಿಗೆ ಬದಲಿಸುವ ರಾಷ್ಟ್ರೀಯ ಯೋಜನೆ ಶುರುವಾದ ಮೇಲೆ ಇವು ಕಂಬದಿಂದ ಕಂಬಕ್ಕೆ ಕಡಿಮೆಯಾಗುತ್ತಿವೆ.

ಬಲ್ಬಿನ ಒಳಗೆ ಏನಿದೆ

ನನಗೆ ಇದರ ಹುಚ್ಚು ಹಿಡಿದದ್ದು ಊರಿನ ಹೈಸ್ಕೂಲ್ ಮೈದಾನದಲ್ಲಿ, ಒಂದು ವಾಲಿಬಾಲ್ ಟೂರ್ನಮೆಂಟ್ ದಿನ. ಲೈಟ್ ಹಾಕಿ ಎರಡು ನಿಮಿಷ ಆಗಿತ್ತು, ಇಡೀ ಅಂಕಣ ಪಾಚಿ ಹಸಿರಿನಲ್ಲಿ ಮುಳುಗಿದ ಹಾಗೆ ಕಾಣುತ್ತಿತ್ತು. "ಏನಣ್ಣ, ಹಸಿರಾಗೇ ನಿಂತಿದೆ, ಹೋಯ್ತಾ?" ಅಂತ ಲೈಟಿನವರನ್ನು ಕೇಳಿದೆ. "ಹೋಗಿಲ್ಲ ಮಾರಾಯ, ಕಾಯ್ಲಿ ತಡಿ. ಹಂಡೆ ನೀರು ಹಾಕಿದ ಕೂಡ್ಲೆ ಕಾಯುತ್ತಾ?" ಅಂದರು. ಆಮೇಲೆ ನನ್ನ ಆಸಕ್ತಿ ನೋಡಿ ಪೆಟ್ಟಿಗೆಯಿಂದ ಒಂದು ಸುಟ್ಟುಹೋದ 400 ವ್ಯಾಟ್ ಬಲ್ಬ್ ತೆಗೆದು ಕೈಗೆ ಕೊಟ್ಟರು.

ಅಂಥದೊಂದು ಬಲ್ಬ್ ಸಿಕ್ಕಿದರೆ ಹಗಲು ಬೆಳಕಿಗೆ ಹಿಡಿದು ನೋಡಿ. ಹೊರಗಿನ ಗಾಜು ಬರೀ ಹೊದಿಕೆ. ಅದರ ನಡುವೆ, ತಂತಿಯ ಚೌಕಟ್ಟಿನಲ್ಲಿ, ಬೆರಳಿನಷ್ಟು ದಪ್ಪದ ಇನ್ನೊಂದು ಪುಟ್ಟ ಕೊಳವೆ ಇದೆ. ಅದೇ ಆರ್ಕ್ ಟ್ಯೂಬ್. ಕ್ವಾರ್ಟ್ಸ್‌ನಿಂದ ಮಾಡಿದ್ದು, ಹೊಸ ಬಗೆಯ ಚಿಕ್ಕ ಬಲ್ಬುಗಳಲ್ಲಾದರೆ ಹಾಲಿನ ಬಣ್ಣದ ಸೆರಾಮಿಕ್. ಕ್ವಾರ್ಟ್ಸ್ ಕೊಳವೆಯನ್ನು ಓರೆ ಮಾಡಿದರೆ ಒಳಗೆ ಬೆಳ್ಳಿ ಹನಿಯಂತೆ ಪಾದರಸದ ಸಣ್ಣ ಸಣ್ಣ ಗುಂಡುಗಳು ಹೊಳೆಯುತ್ತವೆ. ಪಕ್ಕದಲ್ಲೇ ಗೋಡೆಗೆ ಅಂಟಿದ ಹಳದಿ ಕಲೆ. ಪಾತ್ರೆಯ ತಳದಲ್ಲಿ ನೀರು ಆರಿ ಉಪ್ಪು ಉಳಿದಂತೆ ಕಾಣುತ್ತದೆ, ಮತ್ತು ಅದು ನಿಜವಾಗಿಯೂ ಉಪ್ಪೇ. ಲೋಹಗಳ ಅಯೋಡೈಡ್ ಉಪ್ಪು. ಬಣ್ಣ ಹೆಚ್ಚಾಗಿ ಬರುವುದು ಆ ಕಲೆಯಿಂದ. ಇವೆರಡರ ಜೊತೆ ಕಣ್ಣಿಗೆ ಕಾಣದ ಒಂದಿಷ್ಟು ಆರ್ಗಾನ್ ಅನಿಲ.

ಲೋಹವನ್ನೇ ಹಾಕದೆ ಉಪ್ಪು ಯಾಕೆ ಹಾಕುತ್ತಾರೆ ಅಂದರೆ, ಬೇಕಾದ ಲೋಹಗಳು ಹಾಗೇ ಬಿಟ್ಟರೆ ಕೊಳವೆಯ ಶಾಖಕ್ಕೆ ಸಾಕಷ್ಟು ಆವಿಯಾಗುವುದಿಲ್ಲ, ಕೆಲವು ಕ್ವಾರ್ಟ್ಸನ್ನೇ ತಿಂದುಹಾಕುತ್ತವೆ. ಅಯೋಡಿನ್ ಜೊತೆ ಸೇರಿ ಉಪ್ಪಾಗಿದ್ದರೆ ಸುಲಭವಾಗಿ ಆವಿಯಾಗುತ್ತವೆ. ಆವಿ ನಡುವಿನ ಆರ್ಕ್‌ಗೆ, ಅಂದರೆ ಕರೆಂಟ್ ಹರಿದು ಬೆಳಗುವ ಗೆರೆಗೆ, ಹೋದಾಗ ಅಲ್ಲಿ 5000 ಡಿಗ್ರಿಗೂ ಜಾಸ್ತಿ ಶಾಖ. ಉಪ್ಪು ಒಡೆದು ಲೋಹ ಬೇರೆಯಾಗಿ ತನ್ನ ಬಣ್ಣ ಚೆಲ್ಲುತ್ತದೆ. ಗೋಡೆಯ ಹತ್ತಿರ ಬಂದರೆ ಅಲ್ಲಿ ಸುಮಾರು 900 ಡಿಗ್ರಿ ಅಷ್ಟೆ, ಮತ್ತೆ ಅಯೋಡಿನ್ ಜೊತೆ ಸೇರಿ ಉಪ್ಪಾಗುತ್ತದೆ. ಲೈಟ್ ಉರಿಯುವಷ್ಟು ಹೊತ್ತೂ ಈ ಸುತ್ತು ನಡೆಯುತ್ತಲೇ ಇರುತ್ತದೆ. ಪಾದರಸದ ದೀಪಕ್ಕೆ ಇಂಥ ಉಪ್ಪು ಹಾಕುವ ಆಲೋಚನೆಗೆ ಚಾರ್ಲ್ಸ್ ಸ್ಟೈನ್‌ಮೆಟ್ಸ್ 1912ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ನಿಜವಾಗಿ ಬಳಸುವಂಥ ದೀಪವಾಗಿದ್ದು 1960ರ ದಶಕದ ಶುರುವಿನಲ್ಲಿ, ಜನರಲ್ ಎಲೆಕ್ಟ್ರಿಕ್‌ನ ಗಿಲ್ಬರ್ಟ್ ರೈಲಿಂಗ್ ಕೈಯಲ್ಲಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಹಿಡಿದು ನೋಡುವ ಬಲ್ಬಿನ ಒಳಗಿನ ಕೊಳವೆಯನ್ನು ಒಡೆಯಬೇಡಿ. ಪಾದರಸ ಇರುವುದು ಮಿಲಿಗ್ರಾಂ ಲೆಕ್ಕದಲ್ಲಿ, ಆದರೂ ಅದು ಮನೆಯೊಳಗೆ ಚೆಲ್ಲುವ ವಸ್ತುವಲ್ಲ.

ನೋಡಲು ತಯಾರಿ

ಎಲ್ಲಿ ಸಿಗುತ್ತದೆ? ಹಳೆಯ ಹೈಮಾಸ್ಟ್ ಕಂಬ, ತಾಲ್ಲೂಕು ಕ್ರೀಡಾಂಗಣ, ಗೋಡೌನು, ಕೆಲವು ಹಳೆಯ ಪೆಟ್ರೋಲ್ ಬಂಕು, ಬಾಡಿಗೆ ಲೈಟು ಹಾಕುವ ಕಬಡ್ಡಿ, ವಾಲಿಬಾಲ್ ಪಂದ್ಯ. ಪಂದ್ಯವೇ ಒಳ್ಳೆಯದು. ಲೈಟ್ ಎಷ್ಟು ಗಂಟೆಗೆ ಹಾಕುತ್ತಾರೆ ಅಂತ ಕೇಳಿಕೊಂಡು ಹತ್ತು ನಿಮಿಷ ಮುಂಚೆ ಹೋಗಿ ನಿಲ್ಲಬಹುದು. ಆಟೋಮ್ಯಾಟಿಕ್ ಸ್ವಿಚ್ ಇರುವ ಕಂಬವಾದರೆ ಎರಡು ದಿನ ಗಡಿಯಾರ ನೋಡಿಕೊಂಡರೆ ಹೊತ್ತು ಸಿಕ್ಕುತ್ತದೆ. ಪೂರ್ತಿ ಕತ್ತಲಾಗಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊದಲ ಅರ್ಧ ನಿಮಿಷದ ಬಣ್ಣ ಸಂಜೆ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ.

ಕಣ್ಣಿನ ವಿಷಯ. ಮೊದಲ ಒಂದು ನಿಮಿಷ ದೂರದಿಂದ ಆಗಾಗ ಕಣ್ಣು ಹಾಯಿಸಿದರೆ ತೊಂದರೆ ಇಲ್ಲ, ಅಷ್ಟು ಮಂಕಾಗಿರುತ್ತದೆ. ಆಮೇಲೆ ನೇರ ನೋಡಬೇಡಿ. ನಾನು ಮೊದಲು ವೆಲ್ಡಿಂಗ್ ಗಾಜು ತಂದುಕೊಂಡಿದ್ದೆ. ಕಣ್ಣಿಗೆ ಹಿತ, ಆದರೆ ಆ ಗಾಜೇ ಹಸಿರು, ಎಲ್ಲ ಬಣ್ಣವನ್ನೂ ತನ್ನ ಬಣ್ಣ ಮಾಡಿಬಿಡುತ್ತದೆ. ಬಣ್ಣ ನೋಡಲು ಹೋದವರಿಗೆ ಅದು ಉಪಯೋಗವಿಲ್ಲ. ಎರಡು ಸುಲಭ ದಾರಿ ಇವೆ. ಒಂದು, ಬಿಳಿ ಪಂಚೆಯನ್ನೋ ಬಿಳಿ ಹಾಳೆಯನ್ನೋ ನೆಲಕ್ಕೆ ಹಾಸಿ ದೀಪದ ಬದಲು ಅದನ್ನು ನೋಡುವುದು. ತೊಳೆದು ತೊಳೆದು ನೀಲಿ ಹಾಕಿದ ಪಂಚೆ ಬೇಡ, ಸಾದಾ ಕೋರಾ ಬಟ್ಟೆ ಅಥವಾ ಡ್ರಾಯಿಂಗ್ ಹಾಳೆ ಆಗಲಿ. ಇನ್ನೊಂದು, ಕಪ್ಪು ಬಕೆಟ್ಟಿನಲ್ಲಿ ಅರ್ಧ ನೀರು ತುಂಬಿ ಅದರಲ್ಲಿ ದೀಪದ ಬಿಂಬ ನೋಡುವುದು. ನೀರು ಅದರ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ಹಿಂದಕ್ಕೆ ಕಳಿಸುತ್ತದೆ, ಬಣ್ಣ ಮಾತ್ರ ಕೆಡಿಸುವುದಿಲ್ಲ. ಗಾಳಿ ಇಲ್ಲದ ದಿನ ಬಿಂಬ ನಿಶ್ಚಲವಾಗಿ ನಿಂತಾಗ, ಹತ್ತಿರದ ಫಿಟ್ಟಿಂಗ್ ಆದರೆ, ಒಳಗಿನ ಆರ್ಕ್ ಸಣ್ಣ ಗೆರೆಯ ಹಾಗೆ ಕಾಣುತ್ತದೆ. ನಾನು ಈಗಲೂ ಬಕೆಟ್ಟೇ ಒಯ್ಯುವುದು.

ಹೊರಗಿನ ಗಾಜು ಒಡೆದಿದ್ದೂ ಉರಿಯುತ್ತಿರುವ ದೀಪ ಕಂಡರೆ ಅದರ ಕೆಳಗೆ ನಿಲ್ಲಲೇಬೇಡಿ. ಒಳಗಿನ ಕ್ವಾರ್ಟ್ಸ್ ಕೊಳವೆ ಅಲ್ಟ್ರಾವಯಲೆಟ್ ಕಿರಣವನ್ನು ಹಾಗೇ ಹೊರಬಿಡುತ್ತದೆ, ತಡೆಯುವುದು ಹೊರಗಿನ ಗಾಜು. ಅದಿಲ್ಲದಿದ್ದರೆ ವೆಲ್ಡಿಂಗ್ ನೋಡಿದವರಿಗೆ ಆಗುವ ಹಾಗೆ ಕೆಲವು ಗಂಟೆ ಬಿಟ್ಟು ಕಣ್ಣಿಗೆ ಮರಳು ಹಾಕಿದಷ್ಟು ಉರಿ ಬರುತ್ತದೆ, ಚರ್ಮವೂ ಕೆಂಪಾಗುತ್ತದೆ. ಲೈನ್‌ಮನ್‌ಗೋ ಲೈಟಿನವರಿಗೋ ಹೇಳಿ ಆರಿಸಿಸಿ.

ಸ್ವಿಚ್ ಬಿದ್ದ ಮೇಲೆ

ಮೊದಲು ಕಿವಿ ಕೊಡಿ. ಚೋಕ್, ಅಂದರೆ ಬಲ್ಬಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಸುರುಳಿ, ಗುಂಯ್ ಅನ್ನುತ್ತದೆ. ಇಗ್ನೈಟರ್ ಕೆಲವು ಸಾವಿರ ವೋಲ್ಟಿನ ಏಟುಗಳನ್ನು ಬಲ್ಬಿಗೆ ಹೊಡೆಯುತ್ತದೆ, ದೀಪ ಒಂದೆರಡು ಸಲ ಮಿಣುಕಿ ಹಿಡಿದುಕೊಳ್ಳುತ್ತದೆ. ಆಗ ಕಾಣುವುದು ಮಂಕು ನೇರಳೆ, ಸ್ವಲ್ಪ ಗುಲಾಬಿ ಸೇರಿದ್ದು, ಹಣ್ಣಾಗುತ್ತಿರುವ ನೇರಳೆ ಹಣ್ಣಿನ ಬಣ್ಣ. ಇದು ಆರ್ಗಾನ್. ಬಲ್ಬ್ ತಣ್ಣಗಿದೆ, ಪಾದರಸ ಇನ್ನೂ ಹನಿಯಾಗೇ ಇದೆ, ಉಪ್ಪು ಗೋಡೆಗೆ ಅಂಟಿಕೊಂಡಿದೆ. ಕರೆಂಟ್ ಹರಿಯಲು ಇರುವುದು ಈ ಅನಿಲ ಒಂದೇ. ಹೆಚ್ಚೆಂದರೆ ಕೆಲವೇ ಸೆಕೆಂಡು, ಕಣ್ಣು ಮಿಟುಕಿಸುತ್ತಾ ಮಾತಾಡುತ್ತಾ ನಿಂತರೆ ತಪ್ಪಿಹೋಗುತ್ತದೆ.

ಆಮೇಲೆ ಪಾದರಸ ಏಳುತ್ತದೆ. ಅದು ಕುದಿಯುವುದು 357 ಡಿಗ್ರಿಯಲ್ಲಿ, ಆರ್ಕ್‌ನ ಪಕ್ಕದಲ್ಲಿ ಆ ಶಾಖ ಬರಲು ಜಾಸ್ತಿ ಹೊತ್ತು ಬೇಡ. ನೇರಳೆ ಹೋಗಿ ನೀಲಿ ಬರುತ್ತದೆ, ನೀಲಿಗೆ ಹಸಿರು ಬೆರೆಯುತ್ತದೆ, ಬೆಳಕು ಕಣ್ಣಿಗೆ ಕಾಣುವಷ್ಟು ಬೇಗ ಏರುತ್ತದೆ. ಅಗಲವಾಗಿ ಹರಡಿದ್ದ ಆರ್ಕ್ ಈಗ ಕಿರಿದಾಗಿ ನಡುವೆ ಗೆರೆಯಂತೆ ಕೂಡುತ್ತದೆ. ಬಕೆಟ್ಟಿನ ಬಿಂಬದಲ್ಲಿ ಇದನ್ನು ನೋಡಬೇಕು. ನಮ್ಮೂರ ರಸ್ತೆಗಳಲ್ಲಿ ಮುಂಚೆ ಇದ್ದ ಮರ್ಕ್ಯುರಿ ಲೈಟ್ ನೆನಪಿದೆಯಾ? ಅದು ಸುಮಾರಾಗಿ ಇಲ್ಲಿಗೇ ನಿಲ್ಲುತ್ತಿತ್ತು. ಮೆಟಲ್ ಹಾಲೈಡ್ ಇಲ್ಲಿಂದ ಮುಂದೆ ಹೋಗುತ್ತದೆ.

ಮುಂದಿನ ಒಂದೆರಡು ನಿಮಿಷ ಬಹಳ ಚೆನ್ನ. ಒಳಗಿನ ಉಪ್ಪುಗಳು ಒಟ್ಟಿಗೆ ಏಳುವುದಿಲ್ಲ, ಬೇಗ ಕರಗುವುದು ಮೊದಲು. ಮೂರು ಬಣ್ಣದ ಬಲ್ಬ್ ಅನ್ನುವುದರಲ್ಲಿ ಇಂಡಿಯಂ, ಥ್ಯಾಲಿಯಂ, ಸೋಡಿಯಂ ಇರುತ್ತವೆ. ಇಂಡಿಯಂ ಅಯೋಡೈಡ್ 360 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಅದರದು ಕಡು ನೀಲಿ. ಥ್ಯಾಲಿಯಂನದು ಕರಗಲು ಸುಮಾರು 440 ಡಿಗ್ರಿ ಬೇಕು, ಬಣ್ಣ ಕೆಸುವಿನ ಎಲೆಯ ಮೇಲೆ ಬಿಸಿಲು ಬಿದ್ದಂಥ ಹಸಿರು. ಸೋಡಿಯಂನದು ಸುಮಾರು 660 ಡಿಗ್ರಿವರೆಗೆ ಗಟ್ಟಿಯಾಗೇ ಕೂತಿರುತ್ತದೆ. ಹಾಗಾಗಿ ನೀಲಿ ಬಂದು, ಹಸಿರು ಬಂದು, ಇಡೀ ಮೈದಾನ ಹಸಿರಾಗಿ, ಜನ "ಕೆಟ್ಟಿದೆ" ಅನ್ನುವ ಹೊತ್ತಿಗೆ ಕೊನೆಯಲ್ಲಿ ಸೋಡಿಯಂ ಬಂದು ಕಿತ್ತಳೆ ಬೆರೆಸುತ್ತದೆ. ಹಸಿರು ಕರಗಿ ಬಿಳಿಯಾಗುವುದು ಆಗ. ಅವತ್ತು ನಾನು ಕೇಳಿದ್ದು ಸರಿಯಾಗಿ ಥ್ಯಾಲಿಯಂ ಬಂದು ಸೋಡಿಯಂ ಬರುವ ಮುಂಚಿನ ಹೊತ್ತಿನಲ್ಲಿ.

ಈ ಮೂರರಲ್ಲಿ ಎರಡು ಲೋಹಗಳ ಹೆಸರೇ ಬಣ್ಣದಿಂದ ಬಂದದ್ದು ಅನ್ನುವುದು ನನಗೆ ತುಂಬ ಇಷ್ಟದ ವಿಷಯ. 1861ರಲ್ಲಿ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುವಾಗ ಒಂದು ಹೊಸ ಹಸಿರು ಗೆರೆ ಕಂಡು ಅದಕ್ಕೆ ಥ್ಯಾಲಿಯಂ ಅಂತ ಹೆಸರಿಟ್ಟರು. ಗ್ರೀಕಿನಲ್ಲಿ ಥ್ಯಾಲೋಸ್ ಅಂದರೆ ಹಸಿರು ಚಿಗುರು. ಎರಡು ವರ್ಷ ಬಿಟ್ಟು ಜರ್ಮನಿಯಲ್ಲಿ ರೈಶ್ ಮತ್ತು ರಿಕ್ಟರ್ ಇಂಡಿಗೋ ಬಣ್ಣದ ಗೆರೆ ಕಂಡರು, ಅದು ಇಂಡಿಯಂ ಆಯಿತು. ಇಂಡಿಗೋ ಅನ್ನುವ ಮಾತು ಹುಟ್ಟಿದ್ದೇ ಇಂಡಿಯಾದ ನೀಲಿಯಿಂದ ಅಲ್ವಾ? ಹಾಗೆ ನೋಡಿದರೆ ನಮ್ಮ ದೇಶದ ಹೆಸರು ಆ ಕೊಳವೆಯೊಳಗೂ ಇದೆ. ಸೋಡಿಯಂ ಬಣ್ಣ ನೋಡಲು ಲೈಟೂ ಬೇಡ, ಗ್ಯಾಸ್ ಒಲೆಯ ಮೇಲೆ ಉಪ್ಪು ಹಾಕಿದ ಸಾರು ಉಕ್ಕಿ ಉರಿಗೆ ಬಿದ್ದಾಗ ನೀಲಿ ಉರಿ ಹಳದಿಯಾಗುತ್ತದಲ್ಲ, ಅದೇ.

ಎಲ್ಲ ಬಲ್ಬಿನಲ್ಲೂ ಇದೇ ಮೂರು ಇರುವುದಿಲ್ಲ. ಸೋಡಿಯಂ ಮತ್ತು ಸ್ಕ್ಯಾಂಡಿಯಂ ತುಂಬಿದ್ದಾದರೆ ಹಸಿರಿನ ಘಟ್ಟ ಅಷ್ಟು ಗಾಢವಲ್ಲ, ನೀಲಿ ಬಿಳಿಯಿಂದ ನಿಧಾನವಾಗಿ ಬೆಚ್ಚಗಿನ ಬಿಳಿಗೆ ಬರುತ್ತದೆ. ಕ್ರೀಡಾಂಗಣದ ದೊಡ್ಡ ಬಲ್ಬುಗಳಲ್ಲಿ ಡಿಸ್ಪ್ರೋಸಿಯಂ, ಹೋಲ್ಮಿಯಂ, ಥುಲಿಯಂ ಅಂಥವು ಇರುತ್ತವೆ. ಡಿಸ್ಪ್ರೋಸಿಯಂ ಅಂದರೆ ಸುಲಭಕ್ಕೆ ಕೈಗೆ ಸಿಗದ್ದು ಅಂತ ಅರ್ಥ. ಇಲ್ಲೂ ಅದು ಸುಲಭಕ್ಕೆ ಏಳುವುದಿಲ್ಲ, ಅದರ ಉಪ್ಪು ಕರಗಲು 950 ಡಿಗ್ರಿಗೂ ಜಾಸ್ತಿ ಬೇಕು. ಎದ್ದ ಮೇಲೆ ಮಾತ್ರ ಬಿಸಿಲಿನಂಥ ಬಿಳಿ. ಟಿವಿ ಕ್ಯಾಮೆರಾಗಳಿಗೆ ಇಂಥ ಬೆಳಕೇ ಬೇಕಾಗಿದ್ದು.

ಮೂರರಿಂದ ಐದು ನಿಮಿಷಕ್ಕೆ ದೀಪ ನಿಲ್ಲುತ್ತದೆ. ಚಿಕ್ಕ ಸೆರಾಮಿಕ್ ಬಲ್ಬಾದರೆ ಇನ್ನೂ ಬೇಗ. ಬಿಟ್ಟು ಹೋಗಬೇಡಿ, ಈಗ ಮತ್ತೆ ಬಿಂಬ ನೋಡಿ. ಬಲ್ಬ್ ಲಂಬವಾಗಿ ನಿಂತಿದ್ದರೆ ಆರ್ಕ್‌ನ ಮೇಲಿನ ತುದಿಗೂ ಕೆಳಗಿನ ತುದಿಗೂ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ, ಉಪ್ಪಿನ ಲೋಹಗಳು ಕೆಳಗೆ ಜಾಸ್ತಿ ಕೂಡುತ್ತವೆ. ನಡುವಿನ ಬಿಳಿಯ ಸುತ್ತ ತೆಳುವಾದ ಕೆಂಪು ಕಿತ್ತಳೆ ಅಂಚು ಕಂಡರೆ ಅದು ಸೋಡಿಯಂ. ಕಡಿಮೆ ಶಾಖಕ್ಕೇ ಬೆಳಗುವ ಲೋಹ ಅದು, ಅದಕ್ಕೇ ಅಂಚಿನಲ್ಲೂ ಉಳಿದುಕೊಳ್ಳುತ್ತದೆ. ಬಲ್ಬ್ ಅಡ್ಡ ಮಲಗಿದ್ದರೆ ಆರ್ಕ್ ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿರುತ್ತದೆ, ಬಿಸಿ ಅನಿಲ ಎತ್ತಿಹಿಡಿದಿರುವುದರಿಂದ.

ಕುಂಕುಮ ಅರಿಶಿನದ ತಟ್ಟೆ

ಇದು ಮಕ್ಕಳ ಜೊತೆ ಮಾಡಿ. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಒಂದು ಚಿಟಿಕೆ ಕುಂಕುಮ, ಒಂದು ಚಿಟಿಕೆ ಅರಿಶಿನ, ಒಂದು ವೀಳ್ಯದೆಲೆ ಇಟ್ಟು ಲೈಟ್ ಹಾಕುವ ಮುಂಚೆ ಕಂಬದ ಕೆಳಗೆ ಇಡಿ. ಟಾರ್ಚು, ಮೊಬೈಲ್ ಬೆಳಕು ಬೀಳಬಾರದು.

ಪಾದರಸದ ಘಟ್ಟದಲ್ಲಿ ಕುಂಕುಮ ಕಾಫಿ ಪುಡಿಯ ಹಾಗೆ ಕಪ್ಪು ಕಂದು. ಆ ಬೆಳಕಿನಲ್ಲಿ ಕೆಂಪೇ ಇಲ್ಲ, ಕೆಂಪು ವಸ್ತುವಿಗೆ ಹಿಂದಕ್ಕೆ ಕೊಡಲು ಏನೂ ಸಿಕ್ಕಿಲ್ಲ. ಅರಿಶಿನ ಹಸಿರು ತಿರುಗಿದ ಹಳದಿ. ವೀಳ್ಯದೆಲೆ ಮಾತ್ರ ಆರಾಮಾಗಿ ಹಸಿರಾಗೇ ಇದೆ. ಮಕ್ಕಳ ತುಟಿ, ಅಂಗೈ ಕೂಡ ನೋಡಿ, ಕಾಯಿಲೆ ಬಿದ್ದವರ ಹಾಗೆ ಬೂದಿ ಬಣ್ಣ. ಮೂರನೇ ನಿಮಿಷದ ಹೊತ್ತಿಗೆ ಕುಂಕುಮದ ಗುಡ್ಡೆಯ ತುದಿಯಲ್ಲಿ ಮೊದಲು ಇಟ್ಟಿಗೆ ಬಣ್ಣ ಕಾಣುತ್ತದೆ, ನೋಡುತ್ತಾ ನೋಡುತ್ತಾ ಕೆಂಪಾಗುತ್ತದೆ. ನಾನು ಎಷ್ಟು ಸಲ ನೋಡಿದ್ದರೂ ಆ ಕ್ಷಣಕ್ಕೆ ಕಾಯುತ್ತೇನೆ. ಬೆಳಕಿನಲ್ಲಿ ಕೆಂಪು ಯಾವಾಗ ಬಂತು ಅಂತ ಹೇಳಲು ಯಾವ ಮೀಟರೂ ಬೇಡ.

ಮೊಬೈಲು ಮತ್ತು ಸಿಡಿ ಡಬ್ಬ

ಸುಮ್ನೆ ಮೊಬೈಲ್ ಎತ್ತಿ ವೀಡಿಯೋ ಮಾಡಿದರೆ ಏನೂ ಸಿಗುವುದಿಲ್ಲ. ಕ್ಯಾಮೆರಾ ತಾನೇ ಬುದ್ಧಿ ಓಡಿಸಿ ಎಲ್ಲವನ್ನೂ ಬಿಳಿ ಮಾಡಲು ನೋಡುತ್ತದೆ. ಪ್ರೊ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸನ್ನು 5500 ಅಥವಾ ಬಿಸಿಲಿನ ಗುರುತಿಗೆ ಇಟ್ಟು ಲಾಕ್ ಮಾಡಿ. ಶಟರ್ 1/50 ಅಥವಾ 1/100 ಇರಲಿ. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ, ಬೇರೆ ವೇಗ ಇಟ್ಟರೆ ಚಿತ್ರದಲ್ಲಿ ಪಟ್ಟೆ ಪಟ್ಟೆ ಬರುತ್ತದೆ. ಬೆಳಕು ಏರಿದ ಹಾಗೆ ಐಎಸ್‌ಒ ತಾನೇ ಇಳಿಯಲಿ, ಅದನ್ನು ಕಟ್ಟಿಹಾಕಬೇಡಿ. ದೀಪವನ್ನಲ್ಲ, ಬಿಳಿ ಹಾಳೆಯನ್ನೂ ಕುಂಕುಮದ ತಟ್ಟೆಯನ್ನೂ ತೆಗೆಯಿರಿ. ಅಲ್ಲಾಡದ ಹಾಗೆ ಮೊಬೈಲನ್ನು ಇಟ್ಟಿಗೆಗೆ ಒರಗಿಸಿಟ್ಟರೂ ಸಾಕು.

ಇನ್ನೂ ಆಳಕ್ಕೆ ಹೋಗುವವರು ಒಂದು ಸಿಡಿ ಡಬ್ಬ ಮಾಡಿಕೊಳ್ಳಿ. ಚಪ್ಪಲಿ ಡಬ್ಬದ ಒಂದು ತುದಿಯಲ್ಲಿ ಕಿಂಡಿ ಕೊರೆದು, ಎರಡು ಬ್ಲೇಡಿನ ಅಂಚುಗಳನ್ನು ಎದುರುಬದುರಾಗಿ ಟೇಪಿನಿಂದ ಅಂಟಿಸಿ, ನಡುವೆ ಒಂದು ಹಾಳೆ ತೂರುವಷ್ಟೇ ಜಾಗ ಬಿಡಿ. ಇನ್ನೊಂದು ತುದಿಯಲ್ಲಿ ಹಳೆ ಸಿಡಿಯ ತುಂಡನ್ನು ಸುಮಾರು 60 ಡಿಗ್ರಿ ಓರೆಯಾಗಿ ನಿಲ್ಲಿಸಿ, ಮೇಲೆ ಕಣ್ಣಿಡಲು ತೂತು. ಸಿಡಿಯ ಗೆರೆಗಳ ನಡುವೆ ಇರುವ ಅಂತರ 1.6 ಮೈಕ್ರೋಮೀಟರ್, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಲು ಅದು ಸಾಕು. ಒಳಗೆಲ್ಲ ಕಪ್ಪು ಕಾಗದ ಅಂಟಿಸಿದರೆ ಗೆರೆ ಚೂಪಾಗುತ್ತದೆ. ಕಿಂಡಿಯನ್ನು ದೀಪಕ್ಕಿಂತ ದೀಪದ ಬೆಳಕು ಬಿದ್ದ ಬಿಳಿ ಹಾಳೆಗೆ ಹಿಡಿಯುವುದು ಕಣ್ಣಿಗೆ ಒಳ್ಳೆಯದು.

ಮೊದಲು ಕಾಣುವುದು ಕತ್ತಲಲ್ಲಿ ಎಣಿಸಬಹುದಾದಷ್ಟು ಗೆರೆ: 436 ನ್ಯಾನೋಮೀಟರಿನ ನೀಲಿ, 546ರ ಹಸಿರು, 577 ಮತ್ತು 579ರ ಹಳದಿ ಜೋಡಿ ಒಂದೇ ಗೆರೆಯಾಗಿ. ಈ ಅಂಕಿಗಳು ಆ ಬಣ್ಣದ ಬೆಳಕಿನ ಅಲೆಯ ಉದ್ದ. ಇವು ಪಾದರಸದವು. ಸಿ. ವಿ. ರಾಮನ್ 1928ರಲ್ಲಿ ಕಲ್ಕತ್ತದಲ್ಲಿ ತಮ್ಮ ಹೆಸರಿನ ಪರಿಣಾಮ ತೋರಿಸಿದಾಗ ಬಳಸಿದ್ದು ಪಾದರಸದ ದೀಪದ ಆ ನೀಲಿ ಗೆರೆಯನ್ನೇ. ನಿಮ್ಮ ಚಪ್ಪಲಿ ಡಬ್ಬದಲ್ಲೂ ಕಾಣುವುದು ಅದೇ. ಆಮೇಲೆ ಪಕ್ಕಪಕ್ಕಕ್ಕೆ ಹೊಸ ನೆಂಟರು ಬರುತ್ತಾರೆ. 451ರ ನೀಲಿ ಬಂದರೆ ಇಂಡಿಯಂ, 535ರ ಹಸಿರು ಥ್ಯಾಲಿಯಂ, 589ರ ಕಿತ್ತಳೆ ಹಳದಿ ಸೋಡಿಯಂ. ಕೊನೆಗೆ ಗೆರೆಗಳ ನಡುವಿನ ಕತ್ತಲೆಯೆಲ್ಲ ತುಂಬಿ ಹೆಚ್ಚುಕಡಿಮೆ ಕಾಮನಬಿಲ್ಲೇ ಆಯಿತು ಅಂದರೆ ಒಳಗೆ ಡಿಸ್ಪ್ರೋಸಿಯಂ ಜಾತಿಯದು ಇದೆ ಅಂತ ಲೆಕ್ಕ.

ಬಣ್ಣದಿಂದ ಆರೋಗ್ಯ ಓದುವುದು

ದೀಪ ಹತ್ತು ನಿಮಿಷವಾದರೂ ನೀಲಿ ಹಸಿರಿನಲ್ಲೇ ನಿಂತಿದೆ, ಬೆಳಕೂ ಕಡಿಮೆ ಅನ್ನಿ. ಅಂದರೆ ಪಾದರಸ ಎದ್ದಿದೆ, ಉಪ್ಪು ಪೂರ್ತಿ ಎದ್ದಿಲ್ಲ, ಕೊಳವೆಗೆ ಬೇಕಾದಷ್ಟು ಶಾಖ ಸಿಗುತ್ತಿಲ್ಲ. ನಮ್ಮ ಹಳ್ಳಿಗಳಲ್ಲಿ ಮೊದಲ ಅನುಮಾನ ವೋಲ್ಟೇಜ್ ಮೇಲೆ. ಲೈನಿನ ಕೊನೆಯ ಕಂಬ, ಸಂಜೆ ಪಂಪ್‌ಸೆಟ್ ಓಡುವ ಹೊತ್ತು, ಅಂಥ ಕಡೆ ಇದು ಮಾಮೂಲು. ರಾತ್ರಿ ಹನ್ನೊಂದರ ಮೇಲೆ ಅದೇ ದೀಪ ಬೆಳ್ಳಗಾಗಿದ್ದರೆ ಬಲ್ಬಿನ ತಪ್ಪಲ್ಲ. ವೋಲ್ಟೇಜ್ ಸರಿ ಇದ್ದೂ ಹಾಗೇ ಇದ್ದರೆ ಚೋಕ್ ಬೇರೆ ವ್ಯಾಟಿನದು ಹಾಕಿರಬಹುದು. 400 ವ್ಯಾಟಿನ ಬಲ್ಬಿಗೆ 250ರ ಚೋಕ್ ಹಾಕಿ "ಉರೀತಾ ಇದೆಯಲ್ಲ" ಅನ್ನುವವರಿದ್ದಾರೆ. ಉರಿಯುತ್ತದೆ, ಬಣ್ಣ ಬರುವುದಿಲ್ಲ. ಹೊರಗಿನ ಗಾಜಿಗೆ ಸಣ್ಣ ಬಿರುಕು ಬಿಟ್ಟು ಒಳಗೆ ಗಾಳಿ ಹೋಗಿದ್ದರೂ ಕೊಳವೆ ತಣ್ಣಗಾಗಿ ಇದೇ ಬಣ್ಣ ಬರಬಹುದು.

ಒಂದೇ ಕಂಬದ ಆರು ದೀಪದಲ್ಲಿ ಒಂದು ಮಾತ್ರ ಬೇರೆಯವಕ್ಕಿಂತ ನೀಲಿಯಾಗಿ, ತಣ್ಣಗೆ ಕಂಡರೆ ಅದಕ್ಕೆ ವಯಸ್ಸಾಗಿದೆ ಅಂತ ಎಣಿಸಬಹುದು. ಸೋಡಿಯಂ ಚಿಕ್ಕ ಲೋಹ, ಬಿಸಿ ಕ್ವಾರ್ಟ್ಸ್ ಗೋಡೆಯ ಮೂಲಕ ವರ್ಷಗಟ್ಟಲೆ ನಿಧಾನವಾಗಿ ಸೋರಿಹೋಗುತ್ತದೆ. ಅದು ಹೋದಷ್ಟೂ ಕಿತ್ತಳೆ ಕಡಿಮೆಯಾಗಿ ನೀಲಿ ಎದ್ದು ಕಾಣುತ್ತದೆ. ಸೆರಾಮಿಕ್ ಕೊಳವೆಯಲ್ಲಿ ಈ ಸೋರಿಕೆ ತೀರ ಕಡಿಮೆ, ಅದಕ್ಕೇ ಅವುಗಳ ಬಣ್ಣ ಹೆಚ್ಚು ದಿನ ಸರಿಯಾಗಿರುತ್ತದೆ. ತಾನಾಗೇ ಆರಿ, ಸ್ವಲ್ಪ ಹೊತ್ತು ಬಿಟ್ಟು ತಾನಾಗೇ ಹತ್ತಿ, ಮತ್ತೆ ನೇರಳೆಯಿಂದ ಶುರು ಮಾಡುವ ದೀಪ ಇದ್ದರೆ ಹೆಚ್ಚಿನ ಸಲ ಅದರ ಕಾಲ ಮುಗಿಯುತ್ತಾ ಬಂದಿದೆ. ಅಂಥದನ್ನು ಬದಲಾಯಿಸಲು ಹೇಳಿ, ತೀರ ಹಳೆಯ ಕೊಳವೆ ಒತ್ತಡಕ್ಕೆ ಒಡೆಯುವುದೂ ಇದೆ. ಅದಕ್ಕೇ ಫಿಟ್ಟಿಂಗಿನ ಮುಂದಿನ ಗಾಜು ಇಲ್ಲದೆ ಈ ಲೈಟ್ ಹಾಕಬಾರದು.

ಹೊಸ ಬಲ್ಬ್ ಹಾಕಿದ ದಿನವೇ ಪಕ್ಕದ್ದಕ್ಕೂ ಇದಕ್ಕೂ ಬಣ್ಣ ಹೊಂದುತ್ತಿಲ್ಲ ಅಂತ ಅಂಗಡಿಗೆ ಓಡಬೇಡಿ. ಮೊದಲ 100 ಗಂಟೆ ಉರಿದ ಮೇಲೆ ಬಣ್ಣ ಒಂದು ಕಡೆ ನಿಲ್ಲುತ್ತದೆ.

ಕರೆಂಟ್ ಹೋದರೆ

ಅವತ್ತಿನ ಟೂರ್ನಮೆಂಟಿನಲ್ಲಿ ಸೆಮಿಫೈನಲ್ ನಡುವೆ ಕರೆಂಟ್ ಹೋಯಿತು. ಜನರೇಟರ್ ಅರ್ಧ ನಿಮಿಷದಲ್ಲಿ ಸ್ಟಾರ್ಟ್ ಆಯಿತು, ಮೈಕ್ ಬಂತು, ಚಹಾ ಅಂಗಡಿಯ ಬಲ್ಬ್ ಬಂತು, ಅಂಕಣ ಮಾತ್ರ ಕತ್ತಲು. ಜನ ಲೈಟಿನವರ ಮೇಲೆ ಕೂಗಾಡಿದರು. ಅವರ ತಪ್ಪೇನೂ ಇರಲಿಲ್ಲ. ಬಿಸಿ ಕೊಳವೆಯಲ್ಲಿ ಆವಿ ಒತ್ತಿಕೊಂಡು ತುಂಬಿರುತ್ತದೆ, ತಣ್ಣಗಿನ ಬಲ್ಬ್ ಹೊತ್ತಿಸುವ ಇಗ್ನೈಟರ್‌ನ ಏಟು ಅದನ್ನು ಭೇದಿಸಲಾರದು. ಹತ್ತು ಹದಿನೈದು ನಿಮಿಷ ತಣ್ಣಗಾಗಬೇಕು, ಆವಿ ಮತ್ತೆ ಹನಿಯಾಗಬೇಕು, ಆಮೇಲೆ ಮೊದಲಿನಿಂದ ನೇರಳೆ, ನೀಲಿ, ಹಸಿರು. 2013ರ ಫೆಬ್ರುವರಿಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲಿನ ಫೈನಲ್, ನಡೆಯುವಾಗ ಕರೆಂಟ್ ಹೋಗಿ ಆಟ 34 ನಿಮಿಷ ನಿಂತಿತ್ತು, ಅಲ್ಲೂ ಇದ್ದದ್ದು ಇದೇ ಜಾತಿಯ ದೀಪ. ಬಿಸಿ ಇದ್ದಾಗಲೇ ಹೊತ್ತಿಸುವ ವಿಶೇಷ ಇಗ್ನೈಟರ್ ಇವೆ, ಅವು ಹತ್ತಾರು ಸಾವಿರ ವೋಲ್ಟ್ ಹೊಡೆಯುತ್ತವೆ. ಬಾಡಿಗೆ ಲೈಟಿನಲ್ಲಿ ಅದನ್ನು ಕೇಳಬೇಡಿ. ಪಂದ್ಯ ಇಟ್ಟುಕೊಳ್ಳುವವರು ಒಂದೆರಡು ಎಲ್‌ಇಡಿ ಜೊತೆಗೆ ಕಟ್ಟಿಸಿ, ಜನ ಕತ್ತಲಲ್ಲಿ ಎಡವುವುದು ತಪ್ಪುತ್ತದೆ. ಮತ್ತೆ ಮತ್ತೆ ಸ್ವಿಚ್ ಹಾಕಿ ತೆಗೆದರೆ ಬೇಗ ಬರುತ್ತದೆ ಅನ್ನುವುದು ಸುಳ್ಳು. ಮೇನ್ ಹಾಕಿ ಬಿಟ್ಟುಬಿಡಿ, ಇಗ್ನೈಟರ್ ತಾನೇ ಪ್ರಯತ್ನ ಮಾಡುತ್ತಿರುತ್ತದೆ.

ಆ ಹದಿನೈದು ನಿಮಿಷದಲ್ಲಿ ನೀವು ದೀಪ ನೋಡುತ್ತಿರಿ. ಆರಿದ ಕೂಡಲೇ ಕೊಳವೆಯ ತುದಿ ಕೆಂಡದ ಹಾಗೆ ಕೆಂಪಗೆ ಕಾಣುತ್ತದೆ, ಕೆಲವು ಸೆಕೆಂಡಿನಲ್ಲಿ ಮಂಕಾಗುತ್ತದೆ. ಗಡಿಯಾರದಲ್ಲಿ ಆರಿದ ಹೊತ್ತು ಬರೆದುಕೊಳ್ಳಿ, ಮತ್ತೆ ಮಿಣುಕಿದ ಹೊತ್ತು ಬರೆದುಕೊಳ್ಳಿ. ಒಂದೇ ಸಾಲಿನ ದೀಪಗಳು ಒಟ್ಟಿಗೆ ಬರುವುದಿಲ್ಲ. ಗಾಳಿ ಜಾಸ್ತಿ ಬೀಸುವ ಕಡೆಯದು ಮೊದಲು ತಣ್ಣಗಾಗಿ ಮೊದಲು ಹತ್ತುವುದನ್ನು ನಾನು ನೋಡಿದ್ದೇನೆ. ನನ್ನ ನೋಟ್‌ಬುಕ್ಕಿನಲ್ಲಿ ಒಂದೊಂದು ದೀಪಕ್ಕೆ ಒಂದೊಂದು ಸಾಲು: ಕಂಬ, ವ್ಯಾಟ್, ಹತ್ತಿದ ಹೊತ್ತು, ಹಸಿರು ಬಂದದ್ದು ಎಷ್ಟನೇ ಸೆಕೆಂಡಿಗೆ, ಕುಂಕುಮ ಕೆಂಪಾದದ್ದು ಎಷ್ಟನೇ ಸೆಕೆಂಡಿಗೆ. ಆರು ತಿಂಗಳು ಬಿಟ್ಟು ಅದೇ ಕಂಬದ ಕೆಳಗೆ ಅದೇ ತಟ್ಟೆ ಇಟ್ಟು ಮತ್ತೆ ಬರೆಯುತ್ತೇನೆ. ಎರಡು ಸಾಲು ಪಕ್ಕಪಕ್ಕ ಇಟ್ಟು ನೋಡಿದಾಗ, ಕೆಂಪು ಬರುವುದು ತಡವಾಗುತ್ತಿದೆ ಅಂತ ಕಂಡರೆ, ಲೈಟಿನ ಅಣ್ಣನಿಗೆ ಫೋನ್ ಮಾಡಿ ಎರಡನೇ ಕಂಬದ ಮೂರನೇ ಬಲ್ಬ್ ನೋಡಿ ಅನ್ನುತ್ತೇನೆ.